ಮಾಮಾ ಹಾಕುತ್ತಿದ್ದ ಗಂಟು

ನಮ್ಮ ಮಾಮಾನಿಗೆ ಮನುಷ್ಯರ ಮುಖ ಕಾಣಿಸುತ್ತಿರಲಿಲ್ಲ. ಹಾಗೆಂದು ಕಣ್ಣಿನ ದೋಷವೇನೂ ಇರಲಿಲ್ಲ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ. ಆದರೆ ಯಾರಾದರೂ ಎದುರಿಗೆ ಬಂದು ನಿಂತರೆ ಆತನ ನೋಟ ನೇರವಾಗಿ ಅವರ ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು, ಇಳಿದದ್ದು ಅಲ್ಲೇ ಠಿಕಾಣಿ ಹೂಡುತ್ತಿತ್ತು. ಎಷ್ಟೋ ವರ್ಷದ ಮೇಲೆ ಸಿಕ್ಕ ಹಳೆಯ ಗೆಳೆಯ ನಮಸ್ಕಾರ ಹೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಗೆಳೆಯನ ಧೋತರ ಜರಾ ಮೇಲೆ ಸರಿಯಿತೋ, "ಓಹೋ, ನೀವೇನ್ರಿ! ಎಡಗಾಲಿನ ಉಬ್ಬಿದ ನರ ಈಗ ಹ್ಯಾಂಗದ?" ಎಂದು ತಬ್ಬಿಕೊಂಡುಬಿಡುತ್ತಿದ್ದ.

ಇದನ್ನು ನಾನೇ ಕಣ್ಣಾರೆ ಕಂಡೆನೋ, ಮನೆಯಲ್ಲಿ ಎಲ್ಲರೂ ಹೇಳಿ ಹೇಳಿ ಕಂಡ ಹಾಗೆ ಆಗಿದೆಯೋ, ಖಾತ್ರಿಯಿಲ್ಲ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಕಂಡದ್ದನ್ನು ಒಂದು ಡಬ್ಬಿಯಲ್ಲಿ, ಕೇಳಿದ್ದನ್ನು ಇನ್ನೊಂದು ಡಬ್ಬಿಯಲ್ಲಿ ಇಡಬೇಕೆಂದು ಕಲಿತವನು. ಮಾಮಾನ ವಿಷಯ ಬಂದರೆ ಮಾತ್ರ ಎರಡೂ ಡಬ್ಬಿಗಳ ಮುಚ್ಚಳ ಅದಲುಬದಲಾಗಿಬಿಟ್ಟಿವೆ. ಓದುಗರು ಅಷ್ಟು ಸಂಶಯ ಇಟ್ಟುಕೊಂಡೇ ಮುಂದೆ ಓದಲಿ. ನಾನೂ ಅಷ್ಟು ಸಂಶಯ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮಾಮಾ ಅಂದರೆ ನಮ್ಮ ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಹೈದರಾಬಾದಿನಲ್ಲಿ ಡಾಕ್ಟರಿಕಿ ಓದಿ ಬಂದು ಶಹಾಬಾದದ ಬಜಾರಿನಲ್ಲಿ ದವಾಖಾನೆ ಇಟ್ಟಿದ್ದ. ಜ್ವರ, ಕೆಮ್ಮು, ಕುರು, ಚೇಳು ಕಡಿತ, ಎಲ್ಲಕ್ಕೂ ಔಷಧ ಕೊಡುತ್ತಿದ್ದ. ಆದರೆ ಆತನ ಜೀವವೆಲ್ಲ ಜನರ ಕಾಲಿನಲ್ಲಿತ್ತು. ಹಾಸಿಗೆ ಹಿಡಿದು ಮಲಗಿದವರ ಮೀನಖಂಡದೊಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತು ಮೇಲಕ್ಕೆ ಹೋಗಿ ಪುಪ್ಪುಸದಲ್ಲಿ ಸಿಕ್ಕಿಕೊಂಡಿತೆಂದರೆ, ಚಹಾ ಕುಡಿಯುತ್ತ ಕುಳಿತವರು ಬಟ್ಟಲು ಕೆಳಗಿಡುವುದರೊಳಗೆ ಹೋಗಿಬಿಡುತ್ತಾರೆ. ಓದುವಾಗ ವಾರ್ಡಿನಲ್ಲಿ ಅಂಥದ್ದೊಂದನ್ನು ನೋಡಿದ್ದನಂತೆ. ಜಗತ್ತಿನ ಎಲ್ಲದರ ಮೇಲೂ ಚೇಷ್ಟೆ ಮಾಡುತ್ತಿದ್ದ ಮನುಷ್ಯ ಅದರ ಬಗ್ಗೆ ಮಾತ್ರ ಚೇಷ್ಟೆ ಮಾಡುತ್ತಿರಲಿಲ್ಲ.

ಹಾಗಾಗಿ ಆತನ ದವಾಖಾನೆಗೆ ತಲೆನೋವು ಎಂದು ಬಂದವರಿಗೂ ಮೊದಲು ಕಾಲಿನ ವಿಚಾರಣೆಯೇ. "ಹಾಸಿಗಿ ಹಿಡದು ಎಷ್ಟು ದಿನಾ ಆತು? ಇತ್ತೀಚಿಗೆ ಹಡದೀರೇನು? ಆಪರೇಷನ್ ಆಗ್ಯದೇನು? ಎಲುಬು ಮುರದದೇನು? ಮೊದಲ ಯಾವಾಗರ ಒಂದೇ ಕಾಲು ಬಾತಿತ್ತೇನು? ಮನ್ಯಾಗ ಮತ್ತ್ಯಾರಿಗರ ಹಿಂಗ ಆಗಿತ್ತೇನು?" ಮೈ ಭಾರ ಎಷ್ಟಿದೆ, ಕಾಲಿನ ನರ ಉಬ್ಬಿದೆಯೇ ಎನ್ನುವುದನ್ನು ಕೇಳುತ್ತಿರಲಿಲ್ಲ, ತಾನೇ ನೋಡಿ ತೀರ್ಮಾನಿಸುತ್ತಿದ್ದ. ಹೌದು ಎಂದ ಪ್ರತಿಯೊಂದಕ್ಕೂ ರೋಗಿಯ ಹೆಗಲ ಮೇಲಿನ ಬಟ್ಟೆಯ, ನಮ್ಮ ಕಡೆಯ ವಲ್ಲಿಯ, ತುದಿಗೆ ಒಂದು ಗಂಟು ಹಾಕುತ್ತಿದ್ದ. ಹೆಂಗಸರಾದರೆ ಜೊತೆಗೆ ಬಂದವರ ಕೈಯಿಂದ ಸೆರಗಿಗೆ ಹಾಕಿಸುತ್ತಿದ್ದ. ಒಂದು ಗಂಟಾದರೆ ಹುಷಾರಾಗಿರಬೇಕು. ಗಂಟು ಹೆಚ್ಚಾದಷ್ಟೂ ಮನೆಯವರು ಆ ಮನುಷ್ಯನನ್ನು ಎಬ್ಬಿಸಿ ನಡೆಸಬೇಕು. ಏಳಲಾಗದಿದ್ದರೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸಬೇಕು.

"ಕಾಗದದ ಮ್ಯಾಲ ಬರದು ಕೊಡಬಾರದೇನು?" ಎಂದು ನಾನೊಮ್ಮೆ ಕೇಳಿದ್ದೆ.

"ಕಾಗದ ಬಸ್‌ಸ್ಟ್ಯಾಂಡಿನಾಗ ಶೇಂಗಾ ಕಟ್ಟಲಿಕ್ಕೆ ಹೋಗ್ತದ. ವಲ್ಲಿ ಎಲ್ಲಿ ಹೋಗ್ತದ?" ಅಂದ.

ಒಂದೇ ಕಾಲು ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಮಾತ್ರ ಗಂಟೂ ಇಲ್ಲ, ನಡೆಸುವುದೂ ಇಲ್ಲ. ಜೀಪೋ ಲಾರಿಯೋ ಸಿಕ್ಕದ್ದರಲ್ಲಿ ಮಲಗಿಸಿ ಗುಲ್ಬರ್ಗದ ದೊಡ್ಡ ದವಾಖಾನೆಗೆ ಕಳಿಸುತ್ತಿದ್ದ. "ಎಣ್ಣಿ ಹಚ್ಚಿ ತಿಕ್ಕಿದ್ರ ನೋಡ್ರಿ ಮತ್ತ. ಹೆಪ್ಪು ಕಿತ್ತು ಹೋದ್ರ ನಿಮ್ಮ ಎಣ್ಣೀನೂ ಹೋತು, ಮನಶ್ಯಾನೂ ಹೋದ" ಎಂದು ಲಾರಿಯ ಹಿಂದೆ ಓಡುತ್ತ ಕೂಗುತ್ತಿದ್ದ.

ಎರಡೂ ಕಾಲು ಒಂದೇ ದಪ್ಪ ಇವೆಯೋ ಇಲ್ಲವೋ ನೋಡಲು ಆತನಿಗೊಂದು ಟೇಪು ಬೇಕಿತ್ತು. ಪಕ್ಕದ ಅಂಗಡಿಯ ದರ್ಜಿ ಚಾಚಾನ ಹತ್ತಿರ ಒಂದನ್ನು ಗಿಟ್ಟಿಸಿ ಕೊರಳಿಗೆ ಹಾಕಿಕೊಂಡಿದ್ದ. ಸ್ಟೆತಾಸ್ಕೋಪು ಅಂಗಿಯ ಜೇಬಿನಲ್ಲಿ ಮುದುಡಿ ಮಲಗಿರುತ್ತಿತ್ತು. ಹೊಸಬರಿಗೆ ಯಾವುದು ದವಾಖಾನೆ, ಯಾವುದು ದರ್ಜಿ ಅಂಗಡಿ ಎಂದು ಹೇಗೆ ತಿಳಿಯಬೇಕು? ಕಾಳಗಿಯ ಕಡೆಯಿಂದ ಬಂದ ಒಬ್ಬ ಗೌಡರು ಎರಡೂ ಮೀನಖಂಡ ಅಳೆಸಿಕೊಂಡು ಸುಮ್ಮನೆ ನಿಂತಿದ್ದರಂತೆ. ಮಾಮಾ ಗುಳಿಗೆ ಕಟ್ಟಿ ಕೊಟ್ಟಾಗ ಅವರು ಗಾಬರಿಯಾಗಿ, "ಗುಳಿಗಿ ಯಾಕ್ರಿ? ಪಾಯಿಜಾಮಾ ಯಾವಾಗ ಕೊಡ್ತೀರಿ ಅದು ಹೇಳ್ರಿ" ಅಂದರು.

ಚಾಚಾ ಆಚೆ ಅಂಗಡಿಯಿಂದಲೇ, "ಡಾಕ್ಟರ್ ಸಾಬ್, ನನ್ನ ಗಿರಾಕಿಗೆ ಗುಳಿಗಿ ತಿನಸ್ಲಿಕತ್ತೀರಿ. ನಾಳಿ ನಿಮ್ಮ ಪೇಶಂಟ್ ಬಂದ್ರ ನಾ ಹೊಲದು ಕಳಸ್ತೀನಿ, ನೋಡ್ರಿ" ಎಂದು ಹೇಳಿದ. ಗೌಡರು ಗುಳಿಗೆಯನ್ನೂ ತೆಗೆದುಕೊಂಡರು, ಪಾಯಿಜಾಮವನ್ನೂ ಹೊಲಿಸಿಕೊಂಡರು.

ಗಂಟಿನ ಪದ್ಧತಿಯಲ್ಲಿ ಒಂದು ತೊಡಕಿತ್ತು. ನಮ್ಮ ಕಡೆಯ ಜನ ಗಂಟನ್ನು ಬರೀ ಗಂಟು ಎಂದು ಎಲ್ಲಿ ನೋಡುತ್ತಾರೆ? ದರ್ಗಾದ ಜಾಲರಿಗೆ ಕಟ್ಟಿದ ದಾರ, ತೋಳಿಗೆ ಕಟ್ಟಿದ ತಾಯತ, ಇವುಗಳ ಜೊತೆಗೆ ಮಾಮಾನ ಗಂಟೂ ಸೇರಿಕೊಂಡಿತು. ದಂಡೋತಿಯಲ್ಲಿ ಒಬ್ಬ ಮುದುಕ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಮಾಮಾ ಆತನ ವಲ್ಲಿಗೆ ಮೂರೋ ನಾಲ್ಕೋ ಗಂಟು ಹಾಕಿ, ದಿನಾ ಅಂಗಳದಲ್ಲಿ ನಡೆಸಬೇಕೆಂದು ಮಗನಿಗೆ ತಾಕೀತು ಮಾಡಿ ಬಂದ. ವಾರ ಬಿಟ್ಟು ಹೋಗಿ ನೋಡಿದರೆ ಮುದುಕ ಮರದ ದಿಮ್ಮಿಯಂತೆ ಮಲಗಿದ್ದಾನೆ, ವಲ್ಲಿ ಮಾತ್ರ ಇಲ್ಲ.

"ವಲ್ಲಿ ಎಲ್ಲದ?" ಮಾಮಾ ಮಗನನ್ನು ಕೇಳಿದ.

"ಬಾಜೂ ಮನಿಯವ್ರು ಒಯ್ದಾರ್ರಿ ಸಾಹೇಬ್ರ. ಅವ್ರ ಎಮ್ಮಿ ಒದಿಲಿಕತ್ತಿತ್ತು. ನಿಮ್ಮ ಗಂಟು ಅದರ ಕೊರಳಿಗಿ ಕಟ್ಟ್ಯಾರ."

"ಎಮ್ಮಿ ಈಗ ಹ್ಯಾಂಗದ?"

"ಛಲೋ ಅದರಿ. ಮೇಯಲಿಕ್ಕೆ ಹೋಗ್ಯದ."

"ನೋಡು. ನಾ ಹೇಳಿದಂಗ ಎಮ್ಮಿ ಒಂದೇ ನಡದದ" ಅಂದ ಮಾಮಾ. ಮುದುಕನನ್ನು ತಾನೇ ಎಬ್ಬಿಸಿ, ಎಮ್ಮೆಯ ಹಿಂದೆ ಹೊಳೆಯ ದಾರಿಯವರೆಗೆ ನಡೆಸಿ, ವಲ್ಲಿಯನ್ನು ಎಮ್ಮೆಯ ಕೊರಳಿನಿಂದಲೇ ಬಿಚ್ಚಿಸಿಕೊಂಡು ಬಂದ. ಆಮೇಲಿನಿಂದ ಒಂದು ಕಾಯಿದೆ ಮಾಡಿದ: ಗಂಟು ಹಾಕುವವನು ಡಾಕ್ಟರು, ಬಿಚ್ಚಬೇಕಾದವರು ರೋಗಿಯೇ, ಸ್ವಂತ ಕೈಯಿಂದ, ಎದ್ದು ನಿಂತುಕೊಂಡು. ಬೇರೆ ಯಾರೂ ಬಿಚ್ಚುವ ಹಾಗಿಲ್ಲ. ಈ ಕಾಯಿದೆ ಓದುಗರಿಗೆ ನೆನಪಿರಲಿ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಚಿಂಚೋಳಿಯವರು ಕೊಡಲು ಮುಂದೆ ಬಂದಿದ್ದರು. ಅವ್ವ ತಮ್ಮನ ತಲೆ ಬಾಚಿಸಿ, ಕೊರಳಿನ ಟೇಪು ಕಸಿದುಕೊಂಡು, ಕನ್ಯಾ ನೋಡಲು ಕರೆದುಕೊಂಡು ಹೋದಳು. ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬಂದು ನಿಂತಳು. ಮಾಮಾನ ಲಕ್ಷ್ಯ ಅಲ್ಲಿರಲಿಲ್ಲ. ಒಳಗಿನ ಕೋಣೆಯ ಬಾಗಿಲಲ್ಲಿ ಹೊರಸಿನ ಮೇಲೆ ಮಲಗಿದ್ದ ಹುಡುಗಿಯ ಅಜ್ಜಿಯ ಕಾಲು ಆತನಿಗೆ ಕಾಣಿಸಿತ್ತು.

"ಹುಡುಗಿಗಿ ಏನರ ಕೇಳೂದಿದ್ರ ಕೇಳ್ರಿ" ಎಂದರು ಹುಡುಗಿಯ ಅಪ್ಪ.

"ಆ ಆಯಿ ಎಷ್ಟು ದಿನದಿಂದ ಮಲಗ್ಯಾರ?" ಎಂದು ಕೇಳಿದ ವರ.

ಮುಂದಿನದನ್ನು ಅವ್ವ ಹೇಳುತ್ತಿದ್ದ ಪ್ರಕಾರ ಬರೆಯುತ್ತಿದ್ದೇನೆ. ಅವ್ವ ಸಿಟ್ಟಿನಲ್ಲಿ ಉಪ್ಪು ಖಾರ ಹೆಚ್ಚು ಹಾಕುವವಳು. ಮಾಮಾ ಎದ್ದು ಒಳಗೆ ಹೋದ, ಅಜ್ಜಿಯ ಸೆರಗಿಗೆ ಹುಡುಗಿಯ ಕೈಯಿಂದಲೇ ಗಂಟು ಹಾಕಿಸಿದ, ಅಜ್ಜಿಯನ್ನು ಎಬ್ಬಿಸಿ ಪಡಸಾಲೆ ತುಂಬ ನಡೆಸಿದ. ಹುಡುಗಿಯ ಹೆಸರು ಕೇಳದೆ ಹೊರಟುಬಂದ. ಸಂಬಂಧ ಮುರಿಯಿತು. "ವರ ಛಲೋ ಇದ್ದಾನ್ರಿ, ಆದ್ರ ನಮ್ಮ ಹುಡುಗೀಗಿ ಮುಖಾನೂ ಅದ ಅಂತ ಅವ್ರಿಗಿ ಗೊತ್ತಾಗಲಿಲ್ಲ" ಎಂದು ಹೇಳಿ ಕಳಿಸಿದರಂತೆ. ಅಜ್ಜಿ ಮಾತ್ರ ಬಹಳ ವರ್ಷ ಬಾಳಿದಳು; ಪ್ರತಿ ದೀಪಾವಳಿಗೂ ಮಾಮಾನಿಗೆ ಕರ್ಚಿಕಾಯಿ ಕಳಿಸುತ್ತಿದ್ದಳು. ಮಾಮಾನಿಗೆ ಮದುವೆಯಾಗಲಿಲ್ಲ. ಕರ್ಚಿಕಾಯಿ ಬಂದಾಗೆಲ್ಲ ಅವ್ವ, "ತಿನ್ನು. ಹೇಣ್ತಿ ಬದಲಿ ಕರ್ಚಿಕಾಯಿ" ಎಂದು ಹಂಗಿಸುತ್ತಿದ್ದಳು.

ಮಾಮಾ ಈ ಭೂಮಿಯ ಮೇಲೆ ಹೆದರುತ್ತಿದ್ದುದು ಆ ಹೆಪ್ಪಿಗೆ ಮತ್ತು ನಮ್ಮ ಅವ್ವನಿಗೆ. ಎರಡೂ ಎದುರುಬದುರು ನಿಂತದ್ದು ನನ್ನ ತಂಗಿಯ ಬಾಣಂತನದಲ್ಲಿ.

ತಂಗಿ ಸೇಡಂನ ನಮ್ಮ ಮನೆಯಲ್ಲಿ ಬಾಣಂತಿಯಾಗಿದ್ದಳು. ಹೆರಿಗೆ ಕಷ್ಟವಾಗಿ ಆಪರೇಷನ್ನೇ ಆಗಿತ್ತು. ಆಗ ನಮ್ಮದು ಮೈಸೂರು ರಾಜ್ಯವಾಗಿತ್ತೋ ಕರ್ನಾಟಕವಾಗಿತ್ತೋ ನೆನಪಾಗುತ್ತಿಲ್ಲ. ಬಾಣಂತಿಯ ಕೋಣೆಗೆ ಮಾತ್ರ ಯಾವ ಸರಕಾರದ ಗಾಳಿಯೂ ನುಗ್ಗುವ ಹಾಗಿರಲಿಲ್ಲ. ಕಿಟಕಿಗೆ ಗೋಣಿಚೀಲ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ತಲೆಗೆ ಕುಲಾವಿ. ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಥಂಡಿ ಏರುತ್ತದೆ. ಏರಿದ ಥಂಡಿ ಮುಪ್ಪಿನವರೆಗೂ ಇಳಿಯುವುದಿಲ್ಲ. ಇದು ಅವ್ವನ ಶಾಸ್ತ್ರ. ಅವ್ವನಿಗೆ ಅವಳ ಅವ್ವನಿಂದ ಬಂದದ್ದು.

ಮಾಮಾ ಶಹಾಬಾದದಿಂದ ಬಂದವನು ಬಾಗಿಲಲ್ಲೇ ನಿಂತು ಪ್ರಶ್ನೆ ಶುರುಮಾಡಿದ. ಹಡೆದದ್ದು, ಒಂದು ಗಂಟು. ಆಪರೇಷನ್, ಒಂದು ಗಂಟು. ಮಲಗಿದ್ದು, ಒಂದು ಗಂಟು. ತಂಗಿ ನಗುತ್ತ ತನ್ನ ಸೆರಗಿಗೆ ತಾನೇ ಹಾಕಿಕೊಳ್ಳುತ್ತಿದ್ದಳು.

"ಅಕ್ಕಾ, ಕೆಂಡ ಇರಲಿ, ಕುಲಾವಿ ಇರಲಿ, ಬೇಕಾದ್ರ ಇನ್ನೊಂದು ಕೌದಿ ಹೊಚ್ಚು. ಈಕೀನ ಮಾತ್ರ ಎಬ್ಬಸಿ ನಡಸು" ಅಂದ ಮಾಮಾ.

"ನೀ ಎಷ್ಟು ಹಡದೀಯೋ ತಮ್ಮಾ?" ಅಂದಳು ಅವ್ವ.

"ಮಸರು ಹ್ಯಾಂಗ ಆಗ್ತದ ಹೇಳಕ್ಕಾ. ಗಡಿಗಿ ಅಲಗಾಡದಂಗ ಮೂಲ್ಯಾಗ ಇಟ್ರ ಹೆಪ್ಪು ಹಿಡೀತದ. ಕಾಲಿನ ರಕ್ತಾನೂ ಹಂಗೇ."

"ನನ್ನ ಮಗಳ ಕಾಲು ಮಸರಿನ ಗಡಿಗಿ ಅಲ್ಲ. ಸರಿ ಅತ್ಲಾಗ."

ಸರಿಯಲಿಲ್ಲ. ಅಕ್ಕನಿಗೆ ಹೆದರುತ್ತಿದ್ದವನು ಅಂದು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಊಟಕ್ಕೆ ಕರೆದರೆ ಬರಲಿಲ್ಲ. "ಆಕಿ ಎದ್ದ ಮ್ಯಾಲ ಉಣ್ತೀನಿ" ಅಂದ. ಸೂರ್ಯ ಇಳಿಯುವ ಹೊತ್ತಿಗೆ ಒಪ್ಪಂದವಾಯಿತು: ನಡೆಯಬಹುದು, ಆದರೆ ಉಲ್ಲನ್ ಕಾಲುಚೀಲ ಹಾಕಿಕೊಂಡು, ಕಂಬಳಿ ಹಾಸಿದ ಮೇಲೆ, ತೊಟ್ಟಿಲ ಸುತ್ತ ಮಾತ್ರ. ತಂಗಿ ಅವ್ವನ ಹೆಗಲು ಹಿಡಿದು ನಡೆದಳು. ನಿಂತುಕೊಂಡು ಗಂಟು ಬಿಚ್ಚಿದಳು. ಅವ್ವ ಆಕೆಯ ಕೈ ಬಿಡದೆ ತಮ್ಮನ ಕಡೆ ತಿರುಗಿ, "ಒಂದಿನ ನಿನ್ನ ವಲ್ಲಿಗೂ ಗಂಟು ಹಾಕಾಕಿ ನಾ ಇದ್ದೀನಿ, ತಡಿ" ಅಂದಳು.

ತಂಗಿಗೆ ಏನೂ ಆಗಲಿಲ್ಲ. ಇಲ್ಲಿಯೇ ನನ್ನ ಸಂಖ್ಯಾಶಾಸ್ತ್ರ ಬಾಯಿ ಹಾಕಿತು. ಮಾಮಾ ಜೋಳದ ರೊಟ್ಟಿ ಮುರಿಯುತ್ತಿದ್ದಾಗ ನಾನು ಕೇಳಿದೆ: "ಮಾಮಾ, ನೀವು ನಡಸಿದವರಿಗೆ ಹೆಪ್ಪು ಆಗಲಿಲ್ಲ ಅಂತೀರಿ. ನಡಸದಿದ್ರೂ ಭಾಳ ಮಂದಿಗೆ ಆಗ್ತಿರಲಿಲ್ಲ. ನಿಮ್ಮ ಗಂಟಿನಿಂದನ ಉಳದ್ರು ಅನ್ನೂದಕ್ಕ ಪುರಾವೆ ಏನದ?"

ಒಳ್ಳೆಯ ಪ್ರಶ್ನೆ, ಈಗಲೂ ಹಾಗೆಯೇ ಅನ್ನುತ್ತೇನೆ. ಆಗದೆ ಹೋದದ್ದನ್ನು ಎಣಿಸುವುದು ಹೇಗೆ? ಮಾಮಾ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, ನಿಧಾನವಾಗಿ ಜಗಿದು, "ಖರೇ ಅದ" ಅಂದ. "ಪುರಾವೆ ಬೇಕಂದ್ರ ಒಂದಷ್ಟು ಮಂದೀನ ನಡಸಬೇಕು, ಒಂದಷ್ಟು ಮಂದೀನ ಮಲಗಸಬೇಕು. ಮೊದಲ ನಿನ್ನ ತಂಗೀನ ಮಲಗಸೋಣೇನು?"

ನಾನು ಇನ್ನೊಂದು ರೊಟ್ಟಿ ತೆಗೆದುಕೊಂಡೆ.

ಇಷ್ಟೆಲ್ಲ ಊರವರ ಕಾಲು ಕಾದವನು ತನ್ನ ಕಾಲನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಧೋತರ ಪಾದದವರೆಗೆ ಇಳಿಬಿಟ್ಟಿರುತ್ತಿದ್ದ. ವಯಸ್ಸಾದಂತೆ ಮೈ ಭಾರವಾಯಿತು. ಸ್ನಾನ ಮಾಡುವಾಗೊಮ್ಮೆ ನಾನು ಕಂಡಿದ್ದೆ: ಎರಡೂ ಮೀನಖಂಡದ ಮೇಲೆ ಉಬ್ಬಿದ ನರಗಳು ಬಳ್ಳಿಯಂತೆ ಸುತ್ತಿಕೊಂಡಿದ್ದವು. ಬೇರೆಯವರ ಕಾಲಾಗಿದ್ದರೆ ನೋಡಿದ ಕೂಡಲೇ ಗಂಟು ಹಾಕುತ್ತಿದ್ದ.

ಆತ ಬಿದ್ದದ್ದು ವಾಡಿ ಜಂಕ್ಷನ್ನಿನಲ್ಲಿ. ರೈಲು ನಿಂತಿತ್ತು. ಮಾಮಾ ಮೆಟ್ಟಿಲು ಇಳಿಯುತ್ತಿದ್ದ. ಪ್ಲಾಟ್‌ಫಾರ್ಮಿನ ಮೇಲೆ ದಪ್ಪಗಿನ ಒಬ್ಬ ಹೆಂಗಸು ಒಂದು ಕಾಲು ಎಳೆದುಕೊಂಡು ಹೋಗುತ್ತಿದ್ದಳಂತೆ. ಇನ್ನೇನು ಹೇಳಬೇಕು? ಆತನ ಕಣ್ಣು ಆಕೆಯ ಕಾಲಿನ ಮೇಲೆ, ಆತನ ಕಾಲು ಮೆಟ್ಟಿಲಿಲ್ಲದ ಕಡೆ! ಬಿದ್ದಲ್ಲಿಂದಲೇ, "ತಾಯೀ, ಆ ಕಾಲು ತಿಕ್ಕಬ್ಯಾಡ್ರಿ, ಡಾಕ್ಟರಿಗಿ ತೋರಸ್ರಿ" ಎಂದು ಕೂಗಿದನಂತೆ. ಆಕೆ ತಿರುಗಿ, "ಮೊದಲು ನಿಮ್ದು ನೋಡ್ಕೋರಿ" ಅಂದಳಂತೆ.

ಎಡಗಾಲಿನ ಎಲುಬು ಮುರಿದಿತ್ತು. ಗುಲ್ಬರ್ಗದಲ್ಲಿ ಪ್ಲಾಸ್ಟರ್ ಹಾಕಿದರು. ಕೆಲವು ವಾರದ ಮೇಲೆ, ಇನ್ನು ಊರುಗೋಲು ಹಿಡಿದು ಎದ್ದು ಓಡಾಡಬಹುದು, ಓಡಾಡಲೇಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಮನೆ ಅಂದರೆ ದವಾಖಾನೆಯ ಹಿಂದಿನ ಒಂದು ಕೋಣೆ. ಮಾಮಾ ಅಲ್ಲಿ ಹೋಗಿ ಮಲಗಿದವನು ಏಳಲಿಲ್ಲ.

ನಾನು ನೋಡಲು ಹೋದೆ. ಊರುಗೋಲು ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಅಂಗಿ ಒಣಗುತ್ತಿತ್ತು.

"ಏಳ್ರಿ ಮಾಮಾ."

"ಏಳ್ತೀನಿ. ಇವತ್ತ ಜರಾ ನೋಯ್ಲಿಕತ್ತದ."

"ನಿನ್ನೆ?"

"ನಿನ್ನೆ ಜರಾ ಬಿಸಲು ಭಾಳಿತ್ತು."

ರೋಗಿಗಳು ಹೇಳುತ್ತಿದ್ದ ನೆಪಗಳನ್ನು ಅಣಕಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದವನು ಒಂದೊಂದಾಗಿ ಅವೇ ನೆಪಗಳನ್ನು ಹೇಳುತ್ತಿದ್ದ. ಆತನಿಗೆ ಗೊತ್ತಿರದ್ದು ಏನಿತ್ತು? ಭಾರದ ಮೈ, ಮುರಿದ ಎಲುಬು, ಉಬ್ಬಿದ ನರ, ಹಾಸಿಗೆ. ಒಳಗೆ ಹೆಪ್ಪು ಯಾವಾಗ ಹಿಡಿಯುತ್ತದೋ, ಯಾವ ಚಹಾದ ಬಟ್ಟಲಿನ ಹೊತ್ತಿಗೆ ಕಿತ್ತುಕೊಳ್ಳುತ್ತದೋ ಎಂದು ಆತನಷ್ಟು ಚೆನ್ನಾಗಿ ಬಲ್ಲವರು ಆ ತಾಲೂಕಿನಲ್ಲಿ ಇರಲಿಲ್ಲ. ನಾನಂತೂ ಆತ ಬಟ್ಟಲು ಎತ್ತಿದಾಗೆಲ್ಲ ಅದು ಕೆಳಗಿಳಿಯುವವರೆಗೂ ನೋಡುತ್ತ ಕೂರುತ್ತಿದ್ದೆ. ಚಾಚಾ ದಿನಾ ಬಂದು, "ಉಠೋ ಡಾಕ್ಟರ್ ಸಾಬ್" ಎಂದು ಹೇಳಿ ಹೋಗುತ್ತಿದ್ದ. ದಂಡೋತಿಯ ಮುದುಕನ ಮಗ ಬಂದು ಕೈಕಟ್ಟಿ ನಿಂತು ಹೋದ. ಡಾಕ್ಟರಿಗೆ ಏಳು ಎಂದು ಗದರಿಸುವವರು ಯಾರು?

ಸೇಡಂಗೆ ಮರಳಿ ಅವ್ವನಿಗೆ ಹೇಳಿದೆ. ಅವ್ವನಿಗೆ ಮೊಣಕಾಲಿನ ಬೇನೆ. ಓಣಿ ದಾಟಿ ಎಷ್ಟೋ ಕಾಲವಾಗಿತ್ತು. ಕೇಳಿದ ಕೂಡಲೇ ಟ್ರಂಕಿಗೆ ಸೀರೆ ತುಂಬಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು.

ಕೋಣೆಗೆ ಬಂದವಳೇ ಹೊರಸಿನ ತುದಿಗೆ ಕುಳಿತು, ತಮ್ಮನ ಹೆಗಲ ಮೇಲಿದ್ದ ವಲ್ಲಿಯನ್ನು ಎಳೆದುಕೊಂಡಳು. ಪ್ರಶ್ನೆಗಳೆಲ್ಲ ಆಕೆಗೆ ಬಾಯಿಪಾಠವಾಗಿದ್ದವು.

"ಹಾಸಿಗಿ ಹಿಡದೀಯೇನು?"

"ಅಕ್ಕಾ, ಚೇಷ್ಟಿ ಬ್ಯಾಡ."

"ಹೌದಂತೀಯೋ ಇಲ್ಲಂತೀಯೋ?"

"ಹೌದು."

ಒಂದು ಗಂಟು. ಎಲುಬು ಮುರಿದಿದೆಯೇ? ಹೌದು. ಮೈ ಭಾರ? ಕೇಳಲಿಲ್ಲ, ತಾನೇ ನೋಡಿ ಹಾಕಿದಳು. ಧೋತರ ಸರಿಸಿ ಒಳ್ಳೆಯ ಕಾಲಿನ ನರ ನೋಡಿದಳು, ಇನ್ನೊಂದು ಹಾಕಿದಳು. ಹಡೆದೀಯೇನು ಎಂದೂ ಕೇಳಿದಳು; ಇಲ್ಲವೆಂದಾಗ, "ಅದೊಂದು ಪುಣ್ಯಾ" ಅಂದಳು. ಮಾಮಾ ನಕ್ಕ. ಒಟ್ಟು ಎಷ್ಟು ಗಂಟಾದವು ಎಂದು ನಾನು ಎಣಿಸಲಿಲ್ಲ. ಎಣಿಸುವುದೇ ನನ್ನ ಕಸುಬು, ಆದರೂ ಎಣಿಸಲಿಲ್ಲ.

ಆಮೇಲೆ ಅವ್ವ ಕೈ ನಿಲ್ಲಿಸಿದಳು.

"ಇನ್ನೊಂದು ಅದ. ಅದು ನೀ ಯಾರಿಗೂ ಕೇಳಲಿಲ್ಲ."

"ಯಾವ್ದು?"

"ಎಬ್ಬಸಾಕ ಮನ್ಯಾಗ ಯಾರರ ಅದಾರೇನು?"

ಪಕ್ಕದ ಅಂಗಡಿಯಲ್ಲಿ ಚಾಚಾನ ಮಶೀನು ಟಕಟಕ ಎನ್ನುತ್ತಿತ್ತು. ಮಾಮಾ ಎಂದೂ ಯಾರನ್ನೂ ನೋಡದ ಹಾಗೆ ಅವ್ವನನ್ನು ನೋಡುತ್ತಿದ್ದ, ಕಾಲನ್ನಲ್ಲ, ಮುಖವನ್ನು. ಅವ್ವ ವಲ್ಲಿಯ ಕೊನೆಗೆ ಇನ್ನೊಂದು ಗಂಟು ಹಾಕಿ ಎಳೆದು ಬಿಗಿದಳು.

"ಏಳು ಇನ್ನ."

ನಾನು ಮೂಲೆಯಿಂದ ಊರುಗೋಲು ತಂದೆ. ಅದನ್ನು ಒಂದು ಕಂಕುಳಿಗೆ ಕೊಟ್ಟೆ. ಇನ್ನೊಂದು ಕಂಕುಳಿಗೆ ಅವ್ವ ತನ್ನ ಹೆಗಲು ಕೊಟ್ಟಳು. ಆಕೆಯ ಮೊಣಕಾಲು ಕಟಕ್ ಎಂದದ್ದು ನನಗೂ ಕೇಳಿಸಿತು. "ಅಕ್ಕಾ, ನಿನ್ನ ಕಾಲು" ಎಂದ ಮಾಮಾ, ಬೆವರುತ್ತ. "ನನ್ನ ಕಾಲು ಆಮ್ಯಾಲ ನೋಡಿಯಂತ" ಅಂದಳು. ಇಬ್ಬರೂ ನರಳುತ್ತ, ಬೈದಾಡುತ್ತ ದವಾಖಾನೆಯ ಬಾಗಿಲವರೆಗೆ ಬಂದರು. ಅಲ್ಲಿ ಚೌಕಟ್ಟಿಗೆ ಒರಗಿ ನಿಂತು ಮಾಮಾ ತನ್ನದೇ ಕಾಯಿದೆಯಂತೆ ಒಂದೊಂದೇ ಗಂಟು ಬಿಚ್ಚತೊಡಗಿದ. ಕೊನೆಯದಕ್ಕೆ, ಎಬ್ಬಿಸುವವರಿಲ್ಲ ಎಂಬ ಗಂಟಿಗೆ, ಬೆರಳು ಹಾಕಿದಾಗ ಅವ್ವ ಆತನ ಕೈ ಸರಿಸಿದಳು.

"ಅದು ನೀ ಬಿಚ್ಚೂದಲ್ಲ" ಅಂದಳು.

ಬಿಗಿದವಳು ತಾನೇ ಆದರೂ ಗಂಟು ಸುಲಭವಾಗಿ ಸಡಿಲಾಗಲಿಲ್ಲ. ವಲ್ಲಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದೇ ಕೈಯಿಂದ ಬಿಚ್ಚಿದಳು. ಇನ್ನೊಂದು ಕೈ ತಮ್ಮನ ಸೊಂಟ ಬಳಸಿ ಹಿಡಿದಿತ್ತು.